ದರಗು ತಂದ ದಿನ ಮೈ ನೋಡಿಕೊಳ್ಳಿ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿಯುತ್ತಾ ಬಂತು ಅಂದರೆ ಕೊಟ್ಟಿಗೆಗೆ ಕಾಡಿನ ದರಗು, ಅಂದರೆ ಉದುರಿದ ಒಣ ಎಲೆ, ತರುವ ಕೆಲಸ ಶುರು. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗಿನ (ಉಣ್ಣೆಯ) ಕಾಟವೂ ಆಗಲೇ. ಡಿಸೆಂಬರಿನಿಂದ ಮೇ ತನಕ ಜಾಸ್ತಿ ಹುಷಾರಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ದನದ ಕಿವಿಯಲ್ಲಿ ದಪ್ಪಗೆ ಊದಿಕೊಂಡಿರುವ ದೊಡ್ಡ ಉಣುಗು ಕಣ್ಣಿಗೆ ಬೀಳುತ್ತದೆ. ನಮಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಅದರ ಸಣ್ಣ ಮರಿ. ಎಳ್ಳಿನಷ್ಟೂ ಇರುವುದಿಲ್ಲ, ಕಚ್ಚಿದ್ದು ತಿಳಿಯುವುದೂ ಇಲ್ಲ.

ಕಾಡಿಗೆ ಹೋಗುವಾಗ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ತುರುಕಿ. ನೋಡಿದವರು ನಗಲಿ ಬಿಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸುಮ್ನೆ ಕಪಾಟಿನಲ್ಲಿ ಇಡುವುದಕ್ಕಲ್ಲ, ಕೈಕಾಲಿಗೆ ಹಚ್ಚಿಕೊಂಡೇ ಹೊರಡಿ.

ಬಂದ ಮೇಲೆ ನೇರ ಬಚ್ಚಲಿಗೆ. ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ, ಕಿವಿಯ ಹಿಂದೆ, ಉಡಿದಾರದ ಅಡಿ ಬೆರಳಾಡಿಸಿ ನೋಡಿ. ಬೆನ್ನು, ನೆತ್ತಿ ಮನೆಯವರು ನೋಡಲಿ.

ಕಚ್ಚಿಕೊಂಡಿದ್ದರೆ ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ನಮ್ಮ ಕಡೆ ಹಿರಿಯರು ಇವತ್ತಿಗೂ ಹೀಗೇ ಹೇಳುತ್ತಾರೆ, ಕೇಳಬೇಡಿ. ಚೂಪು ಮೂತಿಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿಯಿರಿ. ತಿರುಚದೆ, ಒಮ್ಮೆಲೇ ಜಗ್ಗದೆ, ನಿಧಾನವಾಗಿ ನೆಟ್ಟಗೆ ಮೇಲಕ್ಕೆ ಎಳೆಯಿರಿ. ಉಗುರಲ್ಲಿ ಕುಕ್ಕಿ ಸಾಯಿಸಬೇಡಿ, ಅದರ ರಸ ಕೈಗೆ ತಾಗಬಾರದು. ಆಮೇಲೆ ಸೋಪಿನಲ್ಲಿ ಕೈ, ಗಾಯ ಎರಡನ್ನೂ ತೊಳೆಯಿರಿ.

ಉಣುಗು ಕಚ್ಚಿದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಹೆದರಬೇಡಿ. ಆದರೆ ಮೂರರಿಂದ ಎಂಟು ದಿನದೊಳಗೆ ಚಳಿ ಹಿಡಿದು ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನೀವಾಗಿ ನುಂಗಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯ ಇದೆ, ಆಸ್ಪಿರಿನ್‌ನಂಥವು ಅದನ್ನು ಹೆಚ್ಚಿಸುತ್ತವೆ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಜ್ವರ ಬಿಟ್ಟ ಮೇಲೂ ಕೆಲವರಿಗೆ ಒಂದೆರಡು ವಾರಕ್ಕೆ ಮರುಕಳಿಸುತ್ತದೆ.

ಮಂಗ ಸತ್ತುಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹೂಳಲೂ ಹೋಗಬೇಡಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತಲೂ ಹರಡಿರುತ್ತದೆ. ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಫೋನ್ ಮಾಡಿ, ಮಕ್ಕಳನ್ನೂ ನಾಯಿಯನ್ನೂ ಆ ಕಡೆ ಬಿಡಬೇಡಿ.