48 ಕೆ ಸ್ಪೆಕ್ಟ್ರಮ್‌ನಲ್ಲಿ ಸಿ ಭಾಷೆಯ ಶಾರ್ಕ್‌ಗಳು: ನನ್ನ ಅನುಭವ

ಎಂಬತ್ತರ ದಶಕದ, 48 ಕಿಲೋಬೈಟ್ ಮೆಮೊರಿಯ ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಸಿಮ್ಯುಲೇಶನ್ ಬರೆಯುವುದಾದರೆ ಪ್ರೊಸೆಸರಿನ ಸೂಚನೆಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿಯಲ್ಲೇ ಬರೆಯಬೇಕು, ಸಿ ಭಾಷೆಯನ್ನು ನೆಚ್ಚಿಕೊಂಡರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು ಎಂದು ಹಳೆಯ ಯಂತ್ರಗಳ ಹುಚ್ಚಿರುವ ಗೆಳೆಯರು ಎರಡು ವರ್ಷ ನನ್ನನ್ನು ಗೇಲಿ ಮಾಡಿದರು. ಮೊದಲ ಆವೃತ್ತಿಯ ಮಟ್ಟಿಗೆ ಅವರ ಮಾತು ಸುಳ್ಳಾಗಿರಲಿಲ್ಲ. ಈಗ ಅದೇ ಪ್ರೋಗ್ರಾಮ್ ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಸುತ್ತು ಓಡುತ್ತಿದೆ; ಅದರಲ್ಲಿ ನಾನು ಕೈಯಾರೆ ಬರೆದ ಅಸೆಂಬ್ಲಿ ಇಪ್ಪತ್ತು ಸಾಲು ದಾಟಿಲ್ಲ.

ಆಯ್ದುಕೊಂಡದ್ದು 1984ರಲ್ಲಿ ಡ್ಯೂಡ್ನಿಯವರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ವಿವರಿಸಿದ ವಾ-ಟಾರ್. ಮೀನು, ಶಾರ್ಕ್, ಅಂಚುಗಳು ಒಂದಕ್ಕೊಂದು ಕೂಡಿಕೊಂಡ ಸಮುದ್ರ. ನಿಯಮಗಳು ಸರಳ: ಪ್ರತಿ ಸುತ್ತಿನಲ್ಲಿ ಮೀನು ಪಕ್ಕದ ಖಾಲಿ ಚೌಕಕ್ಕೆ ಸರಿಯುತ್ತದೆ, ಶಾರ್ಕ್ ಪಕ್ಕದ ಮೀನನ್ನು ತಿನ್ನುತ್ತದೆ; ವಯಸ್ಸು ತುಂಬಿದವು ಮರಿ ಹಾಕುತ್ತವೆ, ಬಹಳ ಹೊತ್ತು ಹಸಿದ ಶಾರ್ಕ್ ಸಾಯುತ್ತದೆ. ಸ್ಪೆಕ್ಟ್ರಮ್‌ನ ಬಣ್ಣದ ಚೌಕಗಳು 32 ಅಡ್ಡ, 24 ಉದ್ದ, ಒಟ್ಟು 768. ಒಂದು ಚೌಕಕ್ಕೆ ಒಂದು ಜೀವಿ ಎಂದುಕೊಂಡರೆ ಚಿತ್ರ ಬಿಡಿಸುವ ಕೆಲಸವೇ ಇಲ್ಲವೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ಯಂತ್ರದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಪರವಾನಗಿಯ ಮೇಲೆ ಮಾರಾಟವಾಗಿದ್ದ ಡಿಬಿ ಸ್ಪೆಕ್ಟ್ರಮ್ ಒಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಪರಿಚಯದವರ ಮೂಲಕ ಸುಮಾರು 6,500 ರೂಪಾಯಿಗೆ ಸಿಕ್ಕಿತು. ಇದರ 9 ವೋಲ್ಟ್ ಪಿನ್ನಿನ ನಡುವಿನ ತುದಿ ಋಣ ಎಂಬುದು ತಿಳಿದಿದ್ದರೂ, ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ, ನಡುವಿನ ತುದಿ ಧನವಾಗಿರುವ ರೌಟರ್‌ನ ಅಡಾಪ್ಟರ್ ಚುಚ್ಚಿದೆ. ಒಳಗಿನ ವೋಲ್ಟೇಜ್ ಪರಿವರ್ತಕದ ಟ್ರಾನ್ಸಿಸ್ಟರ್ ಜೊತೆಗೆ ಎರಡು 4116 ಮೆಮೊರಿ ಚಿಪ್‌ಗಳೂ ಹೋದವು. ಹೊಸ ಕೀಲಿಮಣೆ ಹಾಳೆಯನ್ನು ಇಂಗ್ಲೆಂಡಿನಿಂದ ತರಿಸಿದಾಗ ಹಾಳೆಯ ಬೆಲೆಗಿಂತ ಅಂಚೆ ಮತ್ತು ಸುಂಕವೇ ಹೆಚ್ಚಾಯಿತು. ಎಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು. ಸಿ ಭಾಷೆಯನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಕಿಟ್ ಝಡ್88ಡಿಕೆ ಉಚಿತವಾಗಿ ಸಿಗುವುದರಿಂದ ಮನೆಯಲ್ಲಿ ಹೇಳಿಕೊಳ್ಳಲು ಅದೊಂದೇ ಸಮಾಧಾನ.

ಮೊದಲ ಆವೃತ್ತಿಯನ್ನು ಕಚೇರಿಯಲ್ಲಿ ಬರೆಯುವ ಹಾಗೆಯೇ ಬರೆದೆ: ಪ್ರತಿ ಜೀವಿಗೂ ಐದು ಬೈಟಿನ ಸ್ಟ್ರಕ್ಟ್ (ಮಾಹಿತಿಯ ಕಟ್ಟು), ಸಂಭಾವ್ಯತೆಗೆ ಫ್ಲೋಟ್ (ದಶಮಾಂಶ ಸಂಖ್ಯೆ), ಅಂಚು ದಾಟಲು ಶೇಷದ ಭಾಗಾಕಾರ. ಒಂದು ಸುತ್ತಿಗೆ ಹನ್ನೊಂದು ಸೆಕೆಂಡ್ ಹಿಡಿಯಿತು. ಫ್ಲೋಟ್ ಕಿತ್ತುಹಾಕಿ 0ರಿಂದ 255ರವರೆಗಿನ ಪೂರ್ಣಾಂಕಕ್ಕೆ ಇಳಿದಾಗ ನಾಲ್ಕಕ್ಕೆ ಬಂತು. ಭಾಗಾಕಾರವನ್ನು ತೆಗೆಯುವುದು ಅಡ್ಡಸಾಲಿನಲ್ಲಿ ಸುಲಭ, ಏಕೆಂದರೆ 32 ಎರಡರ ಘಾತ; ಕೆಳಗಿನ ಐದು ಬಿಟ್ ಮಾತ್ರ ಉಳಿಸಿಕೊಂಡರೆ ಸಾಕು. ಆದರೆ 24 ಹಾಗಲ್ಲ. ಮೇಲಿನ ಮತ್ತು ಕೆಳಗಿನ ಸಾಲುಗಳಿಗೆ ಪ್ರತ್ಯೇಕ ಲೂಪ್ ಬರೆದು, ನಡುವಿನ 22 ಸಾಲುಗಳಲ್ಲಿ ಬರೀ 32 ಕೂಡಿಸುವ, ಕಳೆಯುವ ಕೆಲಸವನ್ನಷ್ಟೇ ಉಳಿಸಿದೆ.

ಇಷ್ಟಾದರೂ ಒಂದೂವರೆ ಸೆಕೆಂಡಿನಿಂದ ಕೆಳಗಿಳಿಯಲಿಲ್ಲ. ಕಂಪೈಲರ್ ಹೊರಹಾಕಿದ ಅಸೆಂಬ್ಲಿಯನ್ನು ಒಂದು ಭಾನುವಾರವಿಡೀ ಓದಿದ ಮೇಲೆ ಕಳ್ಳ ಸಿಕ್ಕಿಬಿದ್ದ. ಸ್ಥಳೀಯ ಚರಾಂಶಗಳೆಲ್ಲ ಸ್ಪೆಕ್ಟ್ರಮ್‌ನ ಪ್ರೊಸೆಸರ್ ಝಡ್80ರ ಐಎಕ್ಸ್ ರಿಜಿಸ್ಟರಿನ ಮೂಲಕ ಸ್ಟ್ಯಾಕ್ ಎಂಬ ತಾತ್ಕಾಲಿಕ ಜಾಗದಲ್ಲಿ ಕುಳಿತಿದ್ದು, ಪ್ರತಿ ಓದಿಗೆ 19 ಟಿ-ಸ್ಟೇಟ್ (ಪ್ರೊಸೆಸರ್ ಗಡಿಯಾರದ ಮಿಡಿತ) ತಿನ್ನುತ್ತಿದ್ದವು. ಅವಕ್ಕೆ ಮೆಮೊರಿಯಲ್ಲಿ ಸ್ಥಿರ ಜಾಗ ಕೊಟ್ಟು ಸ್ಟ್ಯಾಟಿಕ್ ಮಾಡಿದರೆ ನೇರ ವಿಳಾಸದಿಂದ 13ರಲ್ಲಿ ಕೆಲಸ ಮುಗಿಯುತ್ತದೆ. ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ರಿಕರ್ಶನ್ ಇಲ್ಲದಿರುವಾಗ ಇದರಿಂದ ನಷ್ಟವಿಲ್ಲ. ಒಂದೇ ಆರ್ಗ್ಯುಮೆಂಟ್ ಇರುವ ಫಂಕ್ಷನ್‌ಗಳನ್ನೆಲ್ಲ ಆ ಬೆಲೆಯನ್ನು ಸ್ಟ್ಯಾಕ್ ಬದಲು ರಿಜಿಸ್ಟರಿನಲ್ಲೇ ಕಳುಹಿಸುವ ಫಾಸ್ಟ್‌ಕಾಲ್‌ಗೆ ತಿರುಗಿಸಿ, ಕಿಟ್‌ನೊಳಗಿನ ಕಂಪೈಲರ್ ಎಸ್‌ಡಿಸಿಸಿ ಒಳ್ಳೆಯ ಕೋಡಿಗಾಗಿ ನಡೆಸುವ ಹುಡುಕಾಟದ ಮಿತಿಯನ್ನು ಎರಡು ಲಕ್ಷಕ್ಕೇರಿಸಿದೆ. ಕಂಪೈಲ್ ಆಗಲು ನಿಮಿಷಗಟ್ಟಲೆ ಹಿಡಿದರೂ ಹೊರಬಂದ ಕೋಡ್ ನೋಡುವಂತಿತ್ತು.

ಸ್ಟ್ರಕ್ಟ್‌ಗಳನ್ನು ಒಡೆದದ್ದು ನನಗೆ ನಿಜವಾಗಿ ಹೆಮ್ಮೆ ತಂದ ಭಾಗ. ಚೌಕದ ಬಣ್ಣದ ಬೈಟಿನಲ್ಲಿ ಹಿನ್ನೆಲೆಗೆ ಮೂರು ಬಿಟ್, ಶಾಯಿಗೆ ಮೂರು ಬಿಟ್ ಇವೆ. ಪರದೆಯ 6144 ಬೈಟಿನ ಚಿತ್ರಭಾಗ ಪೂರ್ತಿ ಖಾಲಿಯಿದ್ದರೆ ಶಾಯಿಯ ಬಣ್ಣ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ನೀಲಿ ಹಿನ್ನೆಲೆ ಸಮುದ್ರ, ಹಸಿರು ಮೀನು, ಕೆಂಪು ಶಾರ್ಕ್ ಎಂದಿಟ್ಟುಕೊಂಡು, ಆ ಕಾಣದ ಮೂರು ಬಿಟ್‌ಗಳಲ್ಲಿ ಜೀವಿಯ ವಯಸ್ಸನ್ನು 0ರಿಂದ 7ರವರೆಗೆ ಬಚ್ಚಿಟ್ಟೆ. ಶಾರ್ಕ್‌ಗಳ ಹಸಿವಿನ ಪಟ್ಟಿ ಸಮುದ್ರದಿಂದ ಸರಿಯಾಗಿ 1024 ಬೈಟ್ ಆಚೆಗಿರುವುದರಿಂದ ವಿಳಾಸದ ಮೇಲಿನ ಬೈಟಿಗೆ ನಾಲ್ಕು ಕೂಡಿಸಿದರೆ ಅಲ್ಲಿಗೆ ತಲುಪಬಹುದು.

ಇಡೀ ಸಮುದ್ರವನ್ನು 22528ರಿಂದ ಶುರುವಾಗುವ ಪರದೆಯ ಮೆಮೊರಿಯಲ್ಲೇ ನಡೆಸಲು ಹೋಗಿ ಮುಗ್ಗರಿಸಿದ್ದೂ ಉಂಟು. ಆ ಕೆಳಗಿನ 16 ಕೆ ಭಾಗವನ್ನು ಪರದೆಯ ಚಿತ್ರ ರೂಪಿಸುವ ಯುಎಲ್‌ಎ ಚಿಪ್ ಓದುತ್ತಿರುವಾಗ ಝಡ್80 ಕಾದು ನಿಲ್ಲಬೇಕಾಗುತ್ತದೆ. ಸಮುದ್ರವನ್ನು 32768ರ ಮೇಲಕ್ಕೆ ಸಾಗಿಸಿ, ಸುತ್ತಿನ ಕೊನೆಗೆ 768 ಬೈಟ್‌ಗಳನ್ನು ಎಲ್‌ಡಿಐಆರ್ ಎಂಬ ಒಂದೇ ಸೂಚನೆಯಲ್ಲಿ ಪರದೆಗೆ ನಕಲಿಸಿದರೆ ತಗಲುವುದು ಸುಮಾರು 16,000 ಟಿ-ಸ್ಟೇಟ್, ಅಂದರೆ 69,888ರ ಒಂದು ಫ್ರೇಮಿನಲ್ಲಿ ಕಾಲು ಭಾಗಕ್ಕೂ ಕಡಿಮೆ.

ಬಲಕ್ಕೆ ಸರಿದ ಮೀನು ಅದೇ ಸುತ್ತಿನಲ್ಲಿ ಮತ್ತೆ ಲೂಪಿನ ಕೈಗೆ ಸಿಕ್ಕಿ ಎರಡು ಸಲ ಓಡುವ ತೊಂದರೆ ನಿಮಗೂ ಎದುರಾಗುತ್ತದೆ. ಎರಡನೆಯ ಸಮುದ್ರವಿಟ್ಟುಕೊಳ್ಳದೆ, ಹೆಚ್ಚುವರಿ ಪಟ್ಟಿಯೂ ಇಲ್ಲದೆ ನಾನದನ್ನು ತಪ್ಪಿಸಿದ್ದೇನೆ. ಬಣ್ಣದ ಬೈಟಿನಲ್ಲಿ ಉಳಿದ ಎರಡು ಬಿಟ್‌ಗಳ ಕಡೆಗೆ ಗಮನ ಕೊಡಿ ಎಂದಷ್ಟೇ ಸದ್ಯಕ್ಕೆ ಹೇಳಬಲ್ಲೆ.

ನಡುವೆ ಒಂದು ತಮಾಷೆ ನಡೆಯಿತು. ಲೈಬ್ರರಿಯ ಯಾದೃಚ್ಛಿಕ ಸಂಖ್ಯೆ ನಿಧಾನವೆನಿಸಿ ಝಡ್80ರ ಆರ್ ರಿಜಿಸ್ಟರನ್ನೇ ದಾಳದಂತೆ ಬಳಸಿದೆ. ಅದರ ಕೆಳಗಿನ ಏಳು ಬಿಟ್ ಮಾತ್ರ ಏರುತ್ತವೆ, ಅದೂ ಸೂಚನೆಗಳನ್ನು ಓದಿದ ಲೆಕ್ಕಕ್ಕೆ ಸರಿಯಾಗಿ. ಹಾಗಾಗಿ ಶಾರ್ಕ್‌ಗಳು ಕವಾಯತಿಗೆ ನಿಂತವರಂತೆ ಓರೆ ಸಾಲುಗಳಲ್ಲಿ ಸಾಗತೊಡಗಿದವು. ಬಿಟ್‌ಗಳನ್ನು ಸರಿಸಿ ಕಲೆಸುವ 16 ಬಿಟ್‌ನ ಎಕ್ಸ್‌ಓಆರ್-ಶಿಫ್ಟ್ ವಿಧಾನ ಹಾಕಿದ ಮೇಲೆ ಸರಿಹೋಯಿತು. ಆ ಇಪ್ಪತ್ತು ಸಾಲು ಅಸೆಂಬ್ಲಿ ಅದೇ.

ಇದೇ ಮೂಲವನ್ನು ಸಿಸಿ65 ಎಂಬ ಇನ್ನೊಂದು ಸಿ ಕಂಪೈಲರ್ ಮೂಲಕ ಅದೇ ಕಾಲದ ಕಂಪ್ಯೂಟರ್ ಕಮಡೋರ್ 64ಕ್ಕೂ ಕಂಪೈಲ್ ಮಾಡಿ ಎಮ್ಯುಲೇಟರಿನಲ್ಲಿ ನೋಡಿದೆ. ಆ ಕಂಪೈಲರ್‌ನಲ್ಲಿ ಫ್ಲೋಟ್ ಇಲ್ಲವೇ ಇಲ್ಲವಾದ್ದರಿಂದ ನನ್ನ ಮೊದಲ ತಪ್ಪಿಗೆ ಅಲ್ಲಿ ಅವಕಾಶವೇ ಇರುತ್ತಿರಲಿಲ್ಲ. ಸ್ಟ್ಯಾಟಿಕ್ ಚರಾಂಶಗಳ ಲಾಭ ಅಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅದರ ಸ್ಟ್ಯಾಕ್ ಸಾಫ್ಟ್‌ವೇರಿನದು. ಆದರೆ ಪರದೆ 40 ಅಡ್ಡ, 25 ಉದ್ದ. ಎರಡೂ ಎರಡರ ಘಾತವಲ್ಲ. ಅದನ್ನು ಅರ್ಧಕ್ಕೇ ಬಿಟ್ಟಿದ್ದೇನೆ.

ನಿಜವಾದ ಸ್ಪೆಕ್ಟ್ರಮ್‌ಗೆ ಪ್ರೋಗ್ರಾಮನ್ನು ಕ್ಯಾಸೆಟ್ ಬದಲು ಫೋನಿನಿಂದಲೇ ಧ್ವನಿಯಾಗಿ ಉಣಿಸಿದೆ. ಸುಮಾರು 7 ಕೆ, ಮುಕ್ಕಾಲು ನಿಮಿಷ. ಎರಡು ಸಲ ಕೊನೆಯ ಕ್ಷಣದಲ್ಲಿ ಸಂದೇಶದ ಟಿಂಗ್ ಸದ್ದು ನಡುವೆ ನುಗ್ಗಿ ಲೋಡ್ ಕೆಟ್ಟಿತು. ಮೂರನೆಯ ಸಲ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟೆ. ಇನ್ನೂರು ಮೀನು, ಇಪ್ಪತ್ತು ಶಾರ್ಕ್‌ಗಳಿಂದ ಆರಂಭಿಸಿದ ಆ ಓಟದಲ್ಲಿ ಹಸಿರು ಉಕ್ಕಿ, ಹಿಂದೆಯೇ ಕೆಂಪು ಹರಡಿ, ಮತ್ತೆ ನೀಲಿಯೇ ಹೆಚ್ಚಾಗುವ ಚಕ್ರ ಆರೇಳು ಸಲ ತಿರುಗಿತು. ಕೊನೆಯ ಶಾರ್ಕ್ ಹಸಿದು ಸತ್ತಾಗ ಪರದೆಯ ಅಂಚು ಕಪ್ಪಾಗುವಂತೆ ಬರೆದಿದ್ದೆ. ಅದು ಕಪ್ಪಾಗುವವರೆಗೆ, ಗೇಲಿ ಮಾಡಿದ್ದ ಗೆಳೆಯರಲ್ಲಿ ಇಬ್ಬರು ನನ್ನ ಪಕ್ಕದಲ್ಲೇ ಕುಳಿತು ನೋಡಿದರು.