ಅಂಚಿನ ಲಂಗ: ಹೊಲಿಸುವುದು, ಉಡುವುದು, ಮಳೆಗಾಲ ದಾಟಿಸುವುದು

ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಈ ಜಾತ್ರೆಗೆ ಹೊಲಿಸಿದ ಜರಿಯಂಚಿನ ಉದ್ದಲಂಗ ಮುಂದಿನ ಜಾತ್ರೆಗೂ ಬೇಕೆಂದರೆ ನಡುವೆ ಎರಡು ಮಳೆಗಾಲ ದಾಟಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಲಂಗ ಹಾಳಾಗುವುದು ಉಟ್ಟು ಅಲ್ಲ, ಇಟ್ಟು.

ಕೆಲಸ ಶುರುವಾಗುವುದು ಟೇಲರ್ ಹತ್ತಿರ ಹೋಗುವ ಮೊದಲೇ. ಆಯಿಯ ಹಳೆ ಸೀರೆಯಾದರೆ ಚಿಂತೆಯಿಲ್ಲ, ಅದು ಕುಗ್ಗುವಷ್ಟು ಕುಗ್ಗಿಯಾಗಿದೆ. ಹೊಸ ಬಟ್ಟೆಯಾದರೆ ಒಡಲು ಯಾವುದು, ಅಂಚು ಯಾವುದು ನೋಡಿ. ಒಡಲು ಹತ್ತಿ, ಅಂಚು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಇದ್ದರೆ ಮೊದಲ ಒಗೆತಕ್ಕೇ ಜಗಳ ಶುರು: ಹತ್ತಿ ಕುಗ್ಗುತ್ತದೆ, ಅಂಚು ಜಗ್ಗುವುದಿಲ್ಲ. ನನ್ನ ಹಸಿರು ಲಂಗದ ಅಂಚು ಹೀಗೇ ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದಂತೆ ಅಲೆ ಅಲೆಯಾಗಿ ಎದ್ದು ನಿಂತಿತು. ಇಸ್ತ್ರಿ ಎಷ್ಟು ಒತ್ತಿದರೂ ಕೂರಲಿಲ್ಲ. ಹಾಗಾಗಿ ಹತ್ತಿ ಬಟ್ಟೆ, ಲೈನಿಂಗ್, ಫಾಲ್ಸ್ ಮೂರನ್ನೂ ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿಯೇ ಕೊಡಿ. ರೇಷ್ಮೆಯನ್ನು ನೆನೆಸಬೇಡಿ.

ಸೀರೆಯ ಅಗಲ 45ರಿಂದ 48 ಇಂಚು. ಸೊಂಟದಿಂದ ಪಾದದ ಗಂಟಿನವರೆಗೆ ಹೆಚ್ಚಿನವರಿಗೆ 38-40 ಇಂಚು ಸಾಕು. ಉಳಿದದ್ದನ್ನು ಎಲ್ಲಿ ಕತ್ತರಿಸುವುದು? ನನ್ನ ಅಮ್ಮಮ್ಮ ಹೊಲಿಗೆ ಮಷಿನ್ ಎದುರು ಕೂತವಳಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಅಂಚು ಮುಟ್ಟಡ ತಂಗಿ, ಸೊಂಟದ ಬದಿಗೆ ಕತ್ರಿ ಹಾಕು." ಕೆಳಗಿನ ಅಂಚು ನೇಯ್ದಂತೆಯೇ ಉಳಿಯಬೇಕು. ಮೇಲಿನಿಂದ ತೆಗೆದ ಅಂಚು ರವಿಕೆ ತೋಳಿಗೆ ಬರುತ್ತದೆ. ಬೆಳೆಯುವ ಹುಡುಗಿಯರ ಲಂಗವಾದರೆ ಅಂಚಿನ ಮೇಲೆ ಒಳಬದಿಗೆ ಎರಡು ಮಡಿಕೆ ಹಿಡಿಸಿ. ವರ್ಷಕ್ಕೊಂದು ಬಿಚ್ಚಬಹುದು. ಬಿಚ್ಚಿದಲ್ಲಿ ಬಣ್ಣ ಕಡು ಗೆರೆಯಾಗಿ ಕಾಣುತ್ತದೆ ನಿಜ, ಅದರ ಮೇಲೊಂದು ತೆಳು ಲೇಸ್ ಕೂರಿಸಿದರಾಯಿತು. ಗಡಸು ಜರಿಯಂಚಿಗೆ ಚಪ್ಪಟೆ ನೆರಿಗೆಯೇ ಚೆಂದ. ಗ್ಯಾದರ್ ಹಿಡಿದರೆ ಸೊಂಟ ಬುಟ್ಟಿಯಾಗುತ್ತದೆ.

ಅಳತೆ ಕೊಡುವಾಗ ಜಾತ್ರೆಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ನಿಲ್ಲಿ. ನೆಲದಿಂದ ಎರಡು ಬೆರಳು ಮೇಲಿರಲಿ, ಮಳೆಗಾಲಕ್ಕಾದರೆ ನಾಲ್ಕು. ಲಾಡಿಯನ್ನು ಸೊಂಟದ ಮುಂದೆ ಕಟ್ಟಬೇಡಿ, ಪಕ್ಕಕ್ಕೆ ಕಟ್ಟಿ ತುದಿಯನ್ನು ಒಳಗೆ ತುರುಕಿ. ಸ್ಕೂಟರ್ ಹಿಂದೆ ಕೂರುವವರು ಅಂಚನ್ನು ಒಟ್ಟುಮಾಡಿ ಮಡಿಲಲ್ಲಿ ಹಿಡಿದುಕೊಳ್ಳಿ; ಚಕ್ರಕ್ಕೆ ಸಿಕ್ಕರೆ ಹೋಗುವುದು ಲಂಗ ಮಾತ್ರವಲ್ಲ. ಸೆಂಟನ್ನು ಜರಿಯ ಮೇಲೆ ಹೊಡೆಯಬೇಡಿ.

ಜಾತ್ರೆ ನಡೆಯುವ ಬಿಡಕಿಬೈಲಿನಿಂದ ಮನೆಗೆ ಬಂದ ಮೇಲೆ ಲಂಗದ ಮೇಲೆ ಧೂಳು, ಅರಿಶಿನ ಎಲ್ಲ ಇರುತ್ತದೆ. ಧೂಳನ್ನು ಒಣಗಿದ್ದಾಗಲೇ ಕೊಡವಿ. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ಹೆದರಬೇಡಿ. ತೊಳೆದು ಬಿಸಿಲಿಗಿಟ್ಟರೆ ಬರಬರುತ್ತ ಮಾಸುತ್ತದೆ. ಆದರೆ ಒಡಲಿನ ಬಣ್ಣವೂ ಮಾಸದಂತೆ ಕಲೆಯ ಭಾಗವನ್ನಷ್ಟೇ ಬಿಸಿಲಿಗೆ ಒಡ್ಡಿ. ಮುರುಗಲು (ಕೋಕಂ) ಪಾನಕ ಬಿದ್ದರೆ ಮಾತ್ರ ಮೊದಲು ಬರೀ ತಣ್ಣೀರು, ಆಮೇಲೆ ಸಾಬೂನು. ಗೇರುಹಣ್ಣಿನ ರಸ, ಅಡಿಕೆ ಬೇಯಿಸಿದ ಚೊಗರು ಬಿದ್ದರೆ ಆಸೆ ಬಿಡಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅಂಚು ಒದ್ದೆಯಾದರೆ ಅದೇ ದಿನ ಸಿಹಿನೀರಲ್ಲಿ ಅದ್ದಿ ತೆಗೆಯಿರಿ. ಅಗ್ಗದ ಲೋಹದ ಜರಿಯೊಳಗಿರುವುದು ತಾಮ್ರ, ಉಪ್ಪು ತಾಗಿದರೆ ಕಿಲುಬು ಹಿಡಿಯುತ್ತದೆ.

ನಿಮ್ಮ ಜರಿ ಎಂಥದ್ದು ಎಂದು ತಿಳಿಯಬೇಕೆ? ಒಳಬದಿಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿ. ಕರಗಿ ಮಣಿಯಾದರೆ ಪ್ಲಾಸ್ಟಿಕ್, ನೂಲು ಸುಟ್ಟು ತಂತಿ ಉಳಿದರೆ ಲೋಹ. ಪ್ಲಾಸ್ಟಿಕ್ ಆದರೆ ಇಸ್ತ್ರಿಯ ಬಿಸಿಗೇ ಮುದುಡುತ್ತದೆ. ಯಾವುದೇ ಇರಲಿ, ಲಂಗ ತಿರುಗಿಸಿ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲೇ ಇಸ್ತ್ರಿ ಮಾಡಿ.

ಒಗೆಯಲು ಎಂಟು-ಹತ್ತು ಅಂಟವಾಳ ಕಾಯಿ ರಾತ್ರಿ ನೆನೆಸಿ ಕಿವುಚಿದ ನೀರು ಸಾಕು. ಅಂಚನ್ನು ತಿಕ್ಕಬೇಡಿ, ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಅಪ್ಪಟ ರೇಷ್ಮೆಯನ್ನು ಡ್ರೈಕ್ಲೀನಿಗೆ ಕೊಡುವುದೇ ಸರಿ. ಮಳೆಗಾಲದಲ್ಲಿ ಬಚ್ಚಲೊಲೆ ಮೇಲಿನ ಗಳಕ್ಕೆ ಎಲ್ಲ ಬಟ್ಟೆಯನ್ನೂ ಹಾಕುವ ರೂಢಿ ನಮ್ಮದು. ಜರಿಗೆ ಆ ಹೊಗೆ ಆಗದು, ಕಪ್ಪಾಗುತ್ತದೆ. ಫ್ಯಾನಿನಡಿಯೇ ಲೇಸು.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಖಾತ್ರಿ. ಹಳೆ ಬಿಳಿ ಪಂಚೆಯಲ್ಲಿ ಸುತ್ತಿ, ಕಪಾಟಿನ ಮೇಲಿನ ಅರೆಯಲ್ಲಿಡಿ. ಮೂಲೆಗೆ ಕಾಳುಮೆಣಸು, ಲವಂಗದ ಪುಟ್ಟ ಗಂಟು. ನುಸಿಗುಳಿಗೆ ಬೇಕೇ ಬೇಕೆಂದರೆ ಅದು ಜರಿಗೆ ತಾಗದಂತೆ ದೂರವಿರಲಿ. ಜುಲೈ-ಆಗಸ್ಟಿನಲ್ಲಿ ಬಿಸಿಲು ಬಿದ್ದ ದಿನ ನೋಡಿ ಹೊರತೆಗೆದು ಅರ್ಧ ದಿನ ಗಾಳಿಗೆ ಹರವಿ. ಮತ್ತೆ ಮಡಚುವಾಗ ಹಳೆ ಮಡಿಕೆಯಿಂದ ಎರಡು ಬೆರಳು ಆಚೆಗೆ ಮಡಚಿ. ಜರಿ ತುಂಡಾಗುವುದು ಮೊದಲು ಆ ಗೆರೆಯಲ್ಲೇ.