ಕಾರು ಹೊರಗಿನ ತಾಪಮಾನವನ್ನು ತಪ್ಪಾಗಿ ತೋರಿಸಿದರೆ: ಸೆನ್ಸರ್ ಬದಲಿಸುವ ಮೊದಲು

ಸುಡುಬಿಸಿಲಿನ ಮಧ್ಯಾಹ್ನ ನನ್ನ ಕಾರಿನ ಪರದೆಯ ಮೇಲೆ ಮೈನಸ್ 40 ಡಿಗ್ರಿ. ಎಸಿಯಿಂದ ಬರುತ್ತಿದ್ದುದು ಬಿಸಿಗಾಳಿ. ಎಸಿಯ ಗ್ಯಾಸ್ ಖಾಲಿಯಾಗಿರಬೇಕು ಎಂದರು ಕೆಲವರು. ನೋಡಿದರೆ ಗ್ಯಾಸ್ ಸರಿಯಾಗಿಯೇ ಇತ್ತು. ಹೊರಗೆ ಅಷ್ಟು ಚಳಿಯಿದೆ ಎಂಬ ಲೆಕ್ಕದಲ್ಲಿ ಕಾರು ಎಸಿಯ ಕಂಪ್ರೆಸರನ್ನು ಚಾಲೂ ಮಾಡುತ್ತಿರಲಿಲ್ಲ. ಎರಡು ದಿನ ಮೊದಲು ಬಂಪರ್ ಬಿಚ್ಚಿಸಿ ಬಣ್ಣ ಹೊಡೆಸಿದ್ದೆ. ಮರಳಿ ಕೂರಿಸಿದವರು ಹೊರಗಿನ ತಾಪಮಾನ ಅಳೆಯುವ ಸೆನ್ಸರ್‌ನ ಕನೆಕ್ಟರ್ ಸಿಕ್ಕಿಸಿರಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ತಪ್ಪು ಯಾವ ಕಡೆಗಿದೆ, ಹೆಚ್ಚು ತೋರಿಸುತ್ತಿದೆಯೋ ಕಡಿಮೆಯೋ ಎಂದು ಮೊದಲು ನೋಡಿ. ದೋಷ ಎಲ್ಲಿದೆ ಎಂಬುದು ಅದರಲ್ಲೇ ತಿಳಿಯುತ್ತದೆ.

ಅದಕ್ಕೂ ಮೊದಲು, ನಿಜವಾಗಿ ತಪ್ಪಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಓಡಿ ಬಂದು ನಿಂತ ಕಾರಿನಲ್ಲಿ ಎಂಜಿನ್‌ನ ಶಾಖ ಸೆನ್ಸರ್‌ಗೂ ತಗಲುತ್ತದೆ. ಆದ್ದರಿಂದ ಅನೇಕ ಕಾರುಗಳು ಇಳಿಕೆಯನ್ನು ಬೇಗ ತೋರಿಸಿ, ಏರಿಕೆಯನ್ನು ಸ್ವಲ್ಪ ದೂರ ಓಡಿದ ಮೇಲಷ್ಟೇ ತೋರಿಸುತ್ತವೆ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬಿಸಿಲೇರುವ ಮೊದಲು, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ ನೋಡಿ. ಬಂಪರ್ ಬಳಿ ಥರ್ಮಾಮೀಟರ್ ಇಟ್ಟು ಹೋಲಿಸಿ. ಮೊಬೈಲಿನ ಹವಾಮಾನ ನಿಮ್ಮ ಕಾರು ನಿಂತ ಜಾಗದ್ದಲ್ಲ, ಅದನ್ನು ನೆಚ್ಚಬೇಡಿ. ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೆ ಕೈಹಾಕುವ ಅಗತ್ಯವಿಲ್ಲ.

ಸೆನ್ಸರ್ ಸಾಮಾನ್ಯವಾಗಿ ಗ್ರಿಲ್ ಅಥವಾ ಮುಂದಿನ ಬಂಪರ್‌ನ ಹಿಂದೆ, ಕಂಡೆನ್ಸರ್‌ನ (ಎಸಿ ಗ್ಯಾಸನ್ನು ತಣಿಸುವ ಜಾಲರಿಯಂಥ ಭಾಗ) ಮುಂದೆ ಇರುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಯ ಕೆಳಗೆ. ಅದೊಂದು ಪುಟ್ಟ ಥರ್ಮಿಸ್ಟರ್: ಬಿಸಿಯೇರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ತಂತಿ ಕಡಿದರೆ ಅಥವಾ ಕನೆಕ್ಟರ್ ಕಳಚಿದರೆ ರೋಧ ಮಿತಿಮೀರಿ, ಅನೇಕ ಕಾರುಗಳಲ್ಲಿ ನನಗಾದಂತೆ ಮೈನಸ್ 40 ಬರುತ್ತದೆ. ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಕೆಲವೇ ಡಿಗ್ರಿ ಕಡಿಮೆ ತೋರಿಸಬಹುದು. ಯಾವಾಗಲೂ ಹೆಚ್ಚು ತೋರಿಸುತ್ತಿದ್ದರೆ ಕನೆಕ್ಟರ್‌ನೊಳಗೆ ನೀರು ಸೇರಿರಬಹುದು, ಇಲ್ಲವೇ ಸೆನ್ಸರ್ ಕ್ಲಿಪ್ಪಿನಿಂದ ಜಾರಿ ರೇಡಿಯೇಟರ್‌ನತ್ತ ನೇತಾಡುತ್ತಿರಬಹುದು.

ಕೈಹಾಕುವ ಮುನ್ನ ಇಗ್ನಿಷನ್ ಆರಿಸಿ, ಎಂಜಿನ್ ತಣ್ಣಗಾಗಲು ಬಿಡಿ. ಬಿಸಿಯಿದ್ದರೆ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ಜೋಪಾನ. ಕನೆಕ್ಟರ್ ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ರೋಧ ಅಳೆಯುವ ಸ್ಥಾನಕ್ಕೆ ತಿರುಗಿಸಿ ಸೆನ್ಸರ್‌ನ ಎರಡು ಪಿನ್‌ಗಳಿಗೆ ಹಿಡಿಯಿರಿ. ಎಷ್ಟಿರಬೇಕು ಎಂಬುದು ಕಾರಿನಿಂದ ಕಾರಿಗೆ ಬೇರೆ. ಸರ್ವಿಸ್ ಮ್ಯಾನ್ಯುವಲ್ ನೋಡಿ. ಅದು ಸಿಗದಿದ್ದರೂ ಸೆನ್ಸರ್‌ನ ತುದಿಯನ್ನು ಬೆರಳುಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ. ಓಮ್ ಒಂದೇ ಸಮನೆ ಇಳಿಯುತ್ತಾ ಹೋಗಬೇಕು. ಅಲುಗದೆ ನಿಂತರೆ ಅಥವಾ ಎಗರಾಡಿದರೆ ಸೆನ್ಸರ್ ಬದಲಿಸಿ. ನಯವಾಗಿ ಇಳಿದರೆ ಹಣ ಕೊಡುವ ಮೊದಲು ಕನೆಕ್ಟರ್ ಮತ್ತು ತಂತಿಯನ್ನು ಪರೀಕ್ಷಿಸಿ. ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿಸಿ, ಟಕ್ಕೆಂದು ಸದ್ದಾಗುವವರೆಗೆ ಒತ್ತಿ ಕೂರಿಸಿ.

ಪರದೆ ತಕ್ಷಣ ಬದಲಾಗದಿದ್ದರೆ ಕೆಲಸ ಕೆಟ್ಟಿತೆಂದು ಮತ್ತೆ ಬಿಚ್ಚಬೇಡಿ. ಕಾರನ್ನು ಒಂದಿಷ್ಟು ದೂರ ಓಡಿಸಿ, ಆಮೇಲೆ ನೋಡಿ.